ಲಾಕ್ ಫೈಲ್ ಅಳಿಸುವ ಮುಂಚೆ: ಉಬುಂಟುವಿನಲ್ಲಿ ಪ್ಯಾಕೇಜ್ ಡೇಟಾಬೇಸ್ ಸಿಕ್ಕಿಹಾಕಿಕೊಂಡಾಗ

ತುಮಕೂರಿನಲ್ಲಿ ಬಿ.ಎಚ್. ರಸ್ತೆಯಿಂದ ಸ್ವಲ್ಪ ಒಳಗೆ ಒಂದು ಕಂಪ್ಯೂಟರ್ ತರಬೇತಿ ಕೇಂದ್ರವಿದೆ. ಇಪ್ಪತ್ತೆರಡು ಮಷೀನು, ಎಲ್ಲದರಲ್ಲೂ ಉಬುಂಟು 22.04 ಎಂಬ ಲಿನಕ್ಸ್. ಅವನ್ನು ನೋಡಿಕೊಳ್ಳುವುದು ನನ್ನ ಕೆಲಸ. ಆದರೆ ನಾನು ಅಲ್ಲಿಗೆ ಹೋಗುವುದು ವಾರಕ್ಕೆ ಎರಡೇ ದಿನ. ಮಿಕ್ಕ ದಿನಗಳಲ್ಲಿ ಬೆಂಗಳೂರಿನ ರೈಲಿನಲ್ಲಿ ನಿಂತುಕೊಂಡೇ ಫೋನಿನಲ್ಲಿ ರಿಪೇರಿ. ಒಂದು ಬೆಳಿಗ್ಗೆ ಲ್ಯಾಬ್ ನೋಡಿಕೊಳ್ಳುವ ಹುಡುಗಿ ಫೋನ್ ಮಾಡಿದಳು.

"ಅಣ್ಣಾ, ಕನ್ನಡ ಫಾಂಟ್ ಹಾಕೋಣ ಅಂತ ಹೋದ್ರೆ ಲಾಕ್ ಅಂತ ಬರ್ತಿದೆ. ಯಾವುದೋ ವಿಡಿಯೋದಲ್ಲಿ ಲಾಕ್ ಫೈಲ್ ಡಿಲೀಟ್ ಮಾಡಿ ಅಂದ್ರು. ಮಾಡ್ಲಾ?"

"ಬೇಡಮ್ಮ, ಏನೂ ಮುಟ್ಟಬೇಡ. ಪರದೆ ಮೇಲೆ ಏನಿದೆ ಅಂತ ಮೊದಲನೇ ಸಾಲಿಂದ ಓದು."

ಅವಳು ಹಾಕಲು ಹೊರಟಿದ್ದು ಫಾಂಟ್ಸ್-ಗುಬ್ಬಿ ಎನ್ನುವ ಪ್ಯಾಕೇಜು, ಅಂದರೆ ಉಬುಂಟುವಿನಲ್ಲಿ ಸಾಫ್ಟ್‌ವೇರು, ಫಾಂಟು ಬರುವ ಕಟ್ಟು. ಜೊತೆಗೆ ಫಾಂಟ್ಸ್-ನವಿಲು ಅಂತ ಇನ್ನೊಂದಿದೆ. ಹಾಗಾಗಿ ಇದು ಹಕ್ಕಿ ಗುಬ್ಬಿಯೇ ಇರಬೇಕು. ಆದರೂ ಪಕ್ಕದ ತಾಲ್ಲೂಕಿನ ಹೆಸರು ನೋಡಿದ ಹಾಗಾಗಿ ನಮ್ಮ ಹುಡುಗರಿಗೆ ಖುಷಿ. ಇರಲಿ. ಅವಳು ಓದಿದ್ದರಲ್ಲಿ ಮೂರು ವಿಷಯ ಇತ್ತು. ಲಾಕ್ ಸಿಗಲಿಲ್ಲ ಎಂಬುದು ಒಂದು. ಅದನ್ನು ಇಂಥ ನಂಬರಿನ ಪ್ರೊಸೆಸ್ (ಓಡುತ್ತಿರುವ ಪ್ರೋಗ್ರಾಂ) ಹಿಡಿದುಕೊಂಡಿದೆ ಎಂಬುದು ಇನ್ನೊಂದು. ಅದರ ಕೆಳಗೇ, ಲಾಕ್ ಫೈಲ್ ತೆಗೆಯುವುದು ಪರಿಹಾರ ಅಲ್ಲ, ಸಿಸ್ಟಂ ಕೆಡಬಹುದು ಎಂಬ ಎಚ್ಚರಿಕೆ. ಆ ಎಚ್ಚರಿಕೆಯನ್ನು ಪ್ಯಾಕೇಜ್ ಹಾಕುವ ಸಾಧನವಾದ ಆಪ್ಟ್ ತಾನೇ ಕೊಡುತ್ತದೆ. ಜನ ಅದನ್ನು ಓದದೆ ನೇರ ವಿಡಿಯೋ ಹುಡುಕುತ್ತಾರೆ.

ಮುಂದೆ ಹೋಗುವ ಮುಂಚೆ ಒಂದು ಮಾತು. ಕಮಾಂಡುಗಳನ್ನು ನಾನು ಫೋನಿನಲ್ಲಿ ಹೇಳುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರ ಬಳಸಿ. ಡಿಪಿಕೆಜಿ (ಆಪ್ಟ್ ತಂದ ಪ್ಯಾಕೇಜನ್ನು ಕೂರಿಸುವ ಸಾಧನ) ಅಂದರೆ ಆ ನಾಲ್ಕು ಅಕ್ಷರ, ಅಷ್ಟೇ. ದೊಡ್ಡ ಅಕ್ಷರ ಬೇಕಾದ ಕಡೆ ಹೇಳಿದ್ದೇನೆ.

ಟವೆಲ್ಲೋ, ಮನುಷ್ಯನೋ?

ಉಬುಂಟು, ಡೆಬಿಯನ್‌ಗಳಲ್ಲಿ ಯಾವ ಪ್ಯಾಕೇಜ್ ಇದೆ, ಯಾವುದು ಅರ್ಧ ಆಗಿದೆ ಎಂಬ ಲೆಕ್ಕವೆಲ್ಲ /ವಾರ್/ಲಿಬ್/ಡಿಪಿಕೆಜಿ/ಸ್ಟೇಟಸ್ ಎನ್ನುವ ಒಂದೇ ಫೈಲಿನಲ್ಲಿ ಇರುತ್ತದೆ. ಅದು ಬರೀ ಟೆಕ್ಸ್ಟ್ ಫೈಲು. ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಇಬ್ಬರು ಗುಮಾಸ್ತರು ಒಂದೇ ಲೆಕ್ಕದ ಪುಸ್ತಕದ ಒಂದೇ ಪುಟದಲ್ಲಿ ಒಟ್ಟಿಗೆ ಬರೆಯಲು ಕೂತರೆ ಏನಾಗುತ್ತದೆ? ಅದಕ್ಕೇ ಒಂದು ಸಲಕ್ಕೆ ಒಬ್ಬರು ಎಂಬ ನಿಯಮ. ಲಾಕ್ ಇರುವುದು ಅದಕ್ಕೆ.

ಈಗ ಲಾಕ್ ಹೇಗೆ ಕೆಲಸ ಮಾಡುತ್ತದೆ ನೋಡಿ. ಪಾವಗಡದ ಬಸ್ಸಿಗೆ ಹತ್ತುವವರು ಕಿಟಕಿಯಿಂದಲೇ ಸೀಟಿಗೆ ಟವೆಲ್ ಹಾಕುತ್ತಾರಲ್ವಾ? ಟವೆಲ್ ಇದ್ದರೆ ಸೀಟು ಅವರದ್ದು. ಅವರು ಟೀ ಕುಡಿಯಲು ಹೋಗಿ ಬಸ್ಸು ತಪ್ಪಿಸಿಕೊಂಡರೂ ಟವೆಲ್ ಅಲ್ಲೇ ಇರುತ್ತದೆ. ಕೆಲವು ಸಾಫ್ಟ್‌ವೇರುಗಳ ಲಾಕ್ ಹೀಗೇ. ಫೈಲು ಇದೆ ಅಂದರೆ ಲಾಕ್ ಇದೆ. ಆರ್ಚ್ ಲಿನಕ್ಸಿನಲ್ಲಿ ಪ್ಯಾಕೇಜ್ ಹಾಕುವ ಪ್ಯಾಕ್‌ಮ್ಯಾನ್ ಆ ಜಾತಿ.

ಆಪ್ಟ್ ಮತ್ತು ಡಿಪಿಕೆಜಿ ಟವೆಲ್ ಹಾಕುವುದಿಲ್ಲ. ಸೀಟಿನಲ್ಲಿ ಮನುಷ್ಯನೇ ಕೂತಿರುತ್ತಾನೆ. ಲಾಕ್ ಫೈಲು ಬರೀ ಸೀಟಿನ ನಂಬರು. ನಿಜವಾದ ಲಾಕ್ ಕರ್ನೆಲ್ಲಿನ (ಸಿಸ್ಟಂನ ತಿರುಳಿನ) ಲೆಕ್ಕದಲ್ಲಿರುತ್ತದೆ: ಇಂಥ ಪ್ರೊಸೆಸ್ ಈ ಫೈಲನ್ನು ಹಿಡಿದಿದೆ, ಅಂತ. ಆ ಪ್ರೊಸೆಸ್ ಮುಗಿದರೂ, ಸತ್ತರೂ, ಕೊಂದರೂ ಕರ್ನೆಲ್ ಆ ಕ್ಷಣವೇ ಲಾಕ್ ಬಿಡಿಸಿಬಿಡುತ್ತದೆ. ಕರೆಂಟ್ ಹೋಗಿ ಮಷೀನ್ ಆಫ್ ಆದರೆ ಲಾಕ್ ಅನ್ನುವುದೇ ಉಳಿಯುವುದಿಲ್ಲ. ಫೈಲ್ ಮಾತ್ರ ಉಳಿಯುತ್ತದೆ, ಅದು ಯಾವಾಗಲೂ ಅಲ್ಲೇ ಇರುವಂಥದ್ದು. ನಿಮ್ಮ ಮಷೀನಿನಲ್ಲಿ ಎಲ್ಲ ಸರಿಯಿರುವಾಗಲೂ ಹೋಗಿ ನೋಡಿ, ಸೊನ್ನೆ ಬೈಟಿನ ಫೈಲ್ ಕೂತಿರುತ್ತದೆ.

ಹಾಗಾದರೆ ಲಾಕ್ ಫೈಲ್ ಅಳಿಸಿದರೆ ಏನಾಗುತ್ತದೆ? ಹಿಡಿದವನು ಸತ್ತಿದ್ದರೆ ಅಳಿಸುವುದೇ ಬೇಕಿರಲಿಲ್ಲ. ಬದುಕಿದ್ದರೆ ಅವನ ಕೈಯಲ್ಲಿ ಹಳೇ ಫೈಲ್ ಹಾಗೇ ಇರುತ್ತದೆ, ಹೆಸರು ಮಾತ್ರ ಹೋಗುತ್ತದೆ. ಹೊಸದಾಗಿ ಬಂದ ಆಪ್ಟ್ ಅದೇ ಹೆಸರಿನ ಇನ್ನೊಂದು ಫೈಲ್ ಮಾಡಿ, ಅದನ್ನು ಲಾಕ್ ಮಾಡಿ, ಒಳಗೆ ನುಗ್ಗುತ್ತದೆ. ಇಬ್ಬರೂ ಸೀಟು ನಂದೇ ಅಂದುಕೊಂಡಿರುತ್ತಾರೆ. ಇಬ್ಬರೂ ಸ್ಟೇಟಸ್ ಫೈಲಿಗೆ ಬರೆಯುತ್ತಾರೆ. ಅಳಿಸಿದ ಮೇಲೆ ಸರಿಹೋಯ್ತು ಅನ್ನುವವರದ್ದೆಲ್ಲ ಅದೃಷ್ಟ. ಅಷ್ಟು ಹೊತ್ತಿಗೆ ಒಳಗಿದ್ದವನ ಕೆಲಸ ತಾನಾಗೇ ಮುಗಿದಿರುತ್ತದೆ.

ಆದ್ದರಿಂದ ಕೇಳಬೇಕಾದ ಪ್ರಶ್ನೆ ಒಂದೇ: ಒಳಗೆ ಕೂತಿರುವವರು ಯಾರು, ಏನು ಮಾಡುತ್ತಿದ್ದಾರೆ?

ಸಂದೇಶದಲ್ಲಿರುವ ನಂಬರ್ ನೋಡಿ

ಲಾಕ್ ಅಂತ ಬಂದ ಮಾತ್ರಕ್ಕೆ ಎಲ್ಲವೂ ಲಾಕ್ ಸಮಸ್ಯೆಯಲ್ಲ. ಸಂದೇಶದ ಕಂಸದಲ್ಲಿ ಒಂದು ನಂಬರ್ ಇದ್ದರೆ ಮೊದಲು ಅದನ್ನು ಹಿಡಿಯಿರಿ. 13 ಇದ್ದರೆ ನಿಮಗೆ ಅನುಮತಿ ಇಲ್ಲ, ಕಮಾಂಡಿನ ಮುಂದೆ ಅಡ್ಮಿನ್ ಅಧಿಕಾರ ಕೊಡುವ ಸುಡೋ ಹಾಕಲು ಮರೆತಿದ್ದೀರಿ. ಫೋನಿನಲ್ಲಿ ಬರುವ ಲಾಕ್ ದೂರುಗಳಲ್ಲಿ ಇದು ಕಡಿಮೆಯೇನಿಲ್ಲ, ನಗಬೇಡಿ. 30 ಇದ್ದರೆ ಡಿಸ್ಕ್ ಓದಲಷ್ಟೇ ಎಂಬ ಸ್ಥಿತಿಗೆ ಹೋಗಿದೆ. ಅದು ಬೇರೆಯೇ ಕಾಯಿಲೆ, ಮುಂದೆ ಬರುತ್ತೇನೆ. 28 ಇದ್ದರೆ ಜಾಗ ಖಾಲಿಯಾಗಿದೆ. 11 ಇದ್ದರೆ ಮಾತ್ರ ಯಾರೋ ನಿಜವಾಗಿ ಹಿಡಿದುಕೊಂಡಿದ್ದಾರೆ. ಹೊಸ ಆಪ್ಟ್ ಆದರೆ 11ರ ಬದಲು ಪ್ರೊಸೆಸ್ಸಿನ ನಂಬರನ್ನೂ ಹೆಸರನ್ನೂ ನೇರ ಕೊಡುತ್ತದೆ.

ಹಳೇ ಆವೃತ್ತಿಯಲ್ಲಿ ಹೆಸರು ಬರದಿದ್ದರೆ ಹೀಗೆ ಕೇಳಿ:

ಸುಡೋ ಫ್ಯೂಸರ್ -ವಿ /ವಾರ್/ಲಿಬ್/ಡಿಪಿಕೆಜಿ/ಲಾಕ್-ಫ್ರಂಟ್‌ಎಂಡ್

ಉತ್ತರ ಖಾಲಿ ಬಂದರೆ ಅಲ್ಲಿ ಯಾರೂ ಇಲ್ಲ. ಆಗ ಅದೇ ಫೋಲ್ಡರಿನ ಲಾಕ್ ಎನ್ನುವ ಫೈಲು, /ವಾರ್/ಲಿಬ್/ಆಪ್ಟ್/ಲಿಸ್ಟ್ಸ್/ಲಾಕ್, /ವಾರ್/ಕ್ಯಾಶ್/ಆಪ್ಟ್/ಆರ್ಕೈವ್ಸ್/ಲಾಕ್ ಇವನ್ನೂ ಕೇಳಿ. ನಾಲ್ಕು ಯಾಕೆ ಅಂದರೆ ಕೆಲಸ ಬೇರೆ ಬೇರೆ. ಲಿಸ್ಟ್ಸ್ ಎಂಬುದು ಅಪ್‌ಡೇಟ್ ಪಟ್ಟಿ ತರುವಾಗ, ಆರ್ಕೈವ್ಸ್ ಎಂಬುದು ಪ್ಯಾಕೇಜ್ ಡೌನ್‌ಲೋಡ್ ಮಾಡುವಾಗ. ಫ್ರಂಟ್‌ಎಂಡ್ ಲಾಕ್ ಬಂದಿದ್ದು 2018ರಲ್ಲಿ. ಅದಕ್ಕೂ ಮುಂಚೆ, ಡಿಪಿಕೆಜಿಯನ್ನು ಕರೆಯುವಾಗ ಆಪ್ಟ್ ತನ್ನ ಲಾಕ್ ಬಿಟ್ಟುಕೊಡಬೇಕಿತ್ತು. ಆ ಚಿಕ್ಕ ಸಂದಿನಲ್ಲಿ ಇನ್ನೊಬ್ಬರು ನುಗ್ಗುತ್ತಿದ್ದರು. ಈಗ ಹೊರಬಾಗಿಲಿಗೂ ಒಂದು ಚಿಲಕ.

ಪ್ರೊಸೆಸ್ಸಿನ ನಂಬರ್ ಸಿಕ್ಕಿದ ಮೇಲೆ ಇದನ್ನು ಕೊಡಿ:

ಪಿಎಸ್ ಎಎಕ್ಸ್ಎಫ್

ಎಲ್ಲ ಪ್ರೊಸೆಸ್‌ಗಳೂ ಮರದ ಹಾಗೆ ಬರುತ್ತವೆ, ಅಪ್ಪನ ಕೆಳಗೆ ಮಕ್ಕಳು. ನಿಮ್ಮ ನಂಬರ್ ಹುಡುಕಿ. ಅಲ್ಲಿ ಎರಡು ಕಂಬಸಾಲು ಮುಖ್ಯ. ಎರಡನೆಯದು ಯಾವ ಟರ್ಮಿನಲ್ಲು ಎಂದು ಹೇಳುತ್ತದೆ, ಪ್ರಶ್ನೆ ಚಿಹ್ನೆ ಇದ್ದರೆ ಹಿನ್ನೆಲೆಯಲ್ಲಿ ಓಡುತ್ತಿದೆ ಎಂದರ್ಥ. ಮೂರನೆಯದು ಸ್ಥಿತಿ. ಅಲ್ಲಿ ದೊಡ್ಡ ಎಸ್, ಆರ್ ಇದ್ದರೆ ಸರಿ. ದೊಡ್ಡ ಟಿ ಅಥವಾ ದೊಡ್ಡ ಡಿ ಇದ್ದರೆ ಕಥೆ ಬೇರೆ.

ಒಳಗೆ ಕೂತಿರುವವರು

ಅವತ್ತು ಬೆಳಿಗ್ಗೆ ಕೂತಿದ್ದದ್ದು ಅನ್‌ಅಟೆಂಡೆಡ್-ಅಪ್‌ಗ್ರೇಡ್ಸ್. ಸುರಕ್ಷತೆಯ ಅಪ್‌ಡೇಟ್‌ಗಳನ್ನು ತಾನೇ ಹಾಕುವ ಸಾಧು ಪ್ರಾಣಿ. ಇದರ ಟೈಮರ್ ಬೆಳಿಗ್ಗೆ 6 ಗಂಟೆಗೆ, ಅದರ ಮೇಲೆ 60 ನಿಮಿಷದೊಳಗೆ ಯಾವಾಗ ಬೇಕಾದರೂ. ಆದರೆ ಆರು ಗಂಟೆಗೆ ನಮ್ಮ ಲ್ಯಾಬಿನಲ್ಲಿ ಮಷೀನ್ ಆನ್ ಇರುವುದಿಲ್ಲ. ತಪ್ಪಿಹೋದ ಹೊತ್ತನ್ನು ಟೈಮರ್ ನೆನಪಿಟ್ಟುಕೊಂಡಿರುತ್ತದೆ. ಹತ್ತು ಗಂಟೆಗೆ ಇಪ್ಪತ್ತೆರಡೂ ಮಷೀನ್ ಆನ್ ಮಾಡಿದ ಮೇಲೆ ಇಪ್ಪತ್ತೆರಡೂ ಬಾಕಿ ಕೆಲಸಕ್ಕೆ ಇಳಿಯುತ್ತವೆ. ಒಂದೇ ಬ್ರಾಡ್‌ಬ್ಯಾಂಡು. ಕ್ಲಾಸ್ ಶುರುವಾಗುವುದೂ ಹತ್ತಕ್ಕೇ.

ಇದಕ್ಕೆ ಔಷಧಿ ಕಾಯುವುದು. ಕ್ಯಾತ್ಸಂದ್ರಕ್ಕೆ ಹೋಗಿ ತಟ್ಟೆ ಇಡ್ಲಿ ತಿಂದು ಬನ್ನಿ, ಮುಗಿದಿರುತ್ತದೆ. ಸುಮ್ನೆ ಕೂರಲು ಆಗದಿದ್ದರೆ /ವಾರ್/ಲಾಗ್/ಅನ್‌ಅಟೆಂಡೆಡ್-ಅಪ್‌ಗ್ರೇಡ್ಸ್ ಫೋಲ್ಡರಿನ ಲಾಗ್ ಫೈಲನ್ನು ಟೇಲ್ -ಎಫ್ ಹಾಕಿ ನೋಡುತ್ತಿರಿ. ಸಾಲು ಹೊಸದಾಗಿ ಬರುತ್ತಿದ್ದರೆ ಕೆಲಸ ನಡೆಯುತ್ತಿದೆ. ಹಳೇ ಹಾರ್ಡ್ ಡಿಸ್ಕ್ ಇರುವ ಮಷೀನಿನಲ್ಲಿ ಇನ್ನೂ ತಾಳ್ಮೆ ಬೇಕು. ಬರೆದದ್ದು ನಿಜವಾಗಿ ಡಿಸ್ಕ್‌ಗೆ ಹೋಯಿತಾ ಎಂದು ಡಿಪಿಕೆಜಿ ಪದೇ ಪದೇ ಖಾತ್ರಿ ಮಾಡಿಕೊಳ್ಳುತ್ತದೆ. ಅದಕ್ಕೇ ನಿಧಾನ.

ಎರಡನೇ ಗಿರಾಕಿ ನಾವೇ. ಇನ್ನೊಂದು ಟರ್ಮಿನಲ್ಲಿನಲ್ಲಿ ಆಪ್ಟ್ ಕೊಟ್ಟು, ಮುಂದುವರಿಸಲಾ ಎಂದು ಅದು ಕೇಳಿದ ಪ್ರಶ್ನೆಗೆ ಉತ್ತರ ಕೊಡದೆ ಎದ್ದು ಹೋಗಿರುತ್ತೇವೆ. ಉತ್ತರ ಬರುವ ತನಕ ಅದು ಲಾಕ್ ಹಿಡಿದೇ ಕಾಯುತ್ತದೆ. ಇದರ ತಮ್ಮ ಕಂಟ್ರೋಲ್-ಜೆಡ್. ಹುಡುಗರು ಡೌನ್‌ಲೋಡ್ ನಿಲ್ಲಿಸಲು ಕಂಟ್ರೋಲ್-ಸಿ ಬದಲು ಕಂಟ್ರೋಲ್-ಜೆಡ್ ಒತ್ತುತ್ತಾರೆ. ಪ್ರಾಂಪ್ಟ್ ವಾಪಸ್ ಬರುತ್ತದೆ, ನಿಂತಿತು ಅಂದುಕೊಳ್ಳುತ್ತಾರೆ. ನಿಂತಿದ್ದು ಹೌದು, ಹೋಗಿಲ್ಲ. ಸ್ಥಿತಿಯ ಕಡೆ ದೊಡ್ಡ ಟಿ ಕಾಣುವುದು ಇದಕ್ಕೇ. ಅದೇ ಟರ್ಮಿನಲ್ಲಿನಲ್ಲಿ ಎಫ್‌ಜಿ ಎಂದು ಕೊಟ್ಟರೆ ಎದ್ದು ಬರುತ್ತದೆ. ಆಮೇಲೆ ಮುಂದುವರಿಸಿ ಅಥವಾ ಕಂಟ್ರೋಲ್-ಸಿ ಒತ್ತಿ.

ಮೂರನೆಯದು ನನ್ನ ಒಂದು ಇಡೀ ಮಧ್ಯಾಹ್ನ ತಿಂದಿತು. ಒಂದು ಮಷೀನಿನಲ್ಲಿ ಯಾರೋ ಉಬುಂಟು-ರಿಸ್ಟ್ರಿಕ್ಟೆಡ್-ಎಕ್ಸ್‌ಟ್ರಾಸ್ ಹಾಕಲು ಹೋಗಿದ್ದರು. ಅದರ ಜೊತೆ ಮೈಕ್ರೋಸಾಫ್ಟ್ ಫಾಂಟುಗಳ ಪ್ಯಾಕೇಜೂ ಬರುತ್ತದೆ. ಅದು ಲೈಸೆನ್ಸ್ ಒಪ್ಪಿಗೆಯ ಪರದೆಯೊಂದನ್ನು ಟರ್ಮಿನಲ್ಲಿನಲ್ಲಿ ತೋರಿಸುತ್ತದೆ. ಕೆಳಗೆ ಓಕೆ ಎಂದಿರುತ್ತದೆ, ಆದರೆ ಮೌಸ್ ಕ್ಲಿಕ್ ಹಿಡಿಯುವುದಿಲ್ಲ. ಎಂಟರ್ ಒತ್ತಿದರೂ ಆಗುವುದಿಲ್ಲ. ಟ್ಯಾಬ್ ಒತ್ತಿ ಓಕೆ ಮೇಲೆ ಹೋಗಿ ಆಮೇಲೆ ಎಂಟರ್. ಇದು ಗೊತ್ತಿಲ್ಲದವರು ಏನು ಮಾಡುತ್ತಾರೆ? ಕಿಟಕಿಯ ಮೂಲೆಯ ಕತ್ತರಿ ಗುರುತು ಒತ್ತಿ ಮುಚ್ಚಿಬಿಡುತ್ತಾರೆ.

ಕಿಟಕಿ ಮುಚ್ಚಿದರೆ ಒಳಗಿದ್ದದ್ದೂ ಸಾಯಬೇಕು ಅಲ್ವಾ? ಇಲ್ಲಿ ಸಾಯುವುದಿಲ್ಲ. ಡಿಪಿಕೆಜಿ ಓಡುತ್ತಿರುವಾಗ ಟರ್ಮಿನಲ್ ಹೋಯಿತೆಂಬ ಸಿಗ್ನಲ್ಲನ್ನು ಆಪ್ಟ್ ಬೇಕೆಂದೇ ಕಿವಿಗೆ ಹಾಕಿಕೊಳ್ಳುವುದಿಲ್ಲ. ಅರ್ಧದಲ್ಲಿ ಸತ್ತು ಸಿಸ್ಟಂ ಕೆಡಿಸಬಾರದು ಎಂಬ ಒಳ್ಳೆಯ ಉದ್ದೇಶ. ಪರಿಣಾಮ ಏನೆಂದರೆ ಪ್ರಶ್ನೆ ಕೇಳುವ ಪರದೆ ಇಲ್ಲ, ಪ್ರಶ್ನೆ ಮಾತ್ರ ಇದೆ. ಉತ್ತರ ಕೊಡುವವರಿಗೆ ದಾರಿಯಿಲ್ಲ. ಲಾಕ್ ಗಂಟೆಗಟ್ಟಲೆ ಹಾಗೇ ಇತ್ತು.

ಪಿಎಸ್ ಎಎಕ್ಸ್ಎಫ್ ಮರದಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಮೇಲೆ ಆಪ್ಟ್, ಅದರ ಕೆಳಗೆ ಡಿಪಿಕೆಜಿ, ಅದರ ಕೆಳಗೆ ಪ್ಯಾಕೇಜಿನ ಸ್ಕ್ರಿಪ್ಟು, ಪ್ರಶ್ನೆ ಕೇಳುವ ಡೆಬ್‌ಕಾನ್ಫ್, ತುದಿಯಲ್ಲಿ ಆ ಪರದೆ ತೋರಿಸುವ ವಿಪ್‌ಟೇಲ್. ಕೊಲ್ಲಲೇಬೇಕಾದಾಗ ಬುಡಕ್ಕೆ ಕೈ ಹಾಕಬೇಡಿ. ತುದಿಯಿಂದ ಶುರು ಮಾಡಿ. ವಿಪ್‌ಟೇಲ್ ನಂಬರಿಗೆ ಕಿಲ್ ಕೊಡಿ, ಮೈನಸ್ ಒಂಬತ್ತು ಬೇಡ. ಅದು ಸತ್ತರೆ ಸ್ಕ್ರಿಪ್ಟ್ ಸೋಲುತ್ತದೆ. ಡಿಪಿಕೆಜಿ ಆ ಸೋಲನ್ನು ಲೆಕ್ಕದಲ್ಲಿ ನೀಟಾಗಿ ಬರೆದು, ತಾನೇ ಹೊರಗೆ ಬರುತ್ತದೆ. ಲಾಕ್ ತಾನಾಗೇ ಬಿಡುತ್ತದೆ. ಡಿಪಿಕೆಜಿಯನ್ನೇ ಕೊಂದರೆ ಲೆಕ್ಕ ಬರೆಯುವವರೇ ಇರುವುದಿಲ್ಲ. ಇಷ್ಟು ಆದ ಮೇಲೆ:

ಸುಡೋ ಡಿಪಿಕೆಜಿ --ಕಾನ್ಫಿಗರ್ -ಎ

ಮತ್ತೆ ಅದೇ ಲೈಸೆನ್ಸ್ ಪರದೆ ಬರುತ್ತದೆ. ಈ ಸಲ ಟ್ಯಾಬ್, ಎಂಟರ್.

ಸೆಟ್ಟಿಂಗ್ ಫೈಲನ್ನು ನೀವು ಕೈಯಾರೆ ತಿದ್ದಿದ್ದರೆ ಅಪ್‌ಡೇಟ್ ಹೊತ್ತಿನಲ್ಲಿ ನಿಮ್ಮದು ಇರಲಾ, ಹೊಸದು ಹಾಕಲಾ ಎಂದು ಡಿಪಿಕೆಜಿ ಕೇಳುತ್ತದೆ. ಸುಮ್ಮನೆ ಎಂಟರ್ ಒತ್ತಿದರೆ ನಿಮ್ಮ ಹಳೆಯದೇ ಉಳಿಯುತ್ತದೆ. 22.04ರಲ್ಲಿ ಯಾವ ಸರ್ವಿಸ್ ಮತ್ತೆ ಶುರು ಮಾಡಲಿ ಎಂಬ ಪರದೆಯೂ ಬರುತ್ತದೆ. ಇವೆಲ್ಲ ಒಂದೇ ಜಾತಿ, ಉತ್ತರ ಕಾಯುತ್ತಾ ಕೂತವು.

ಇನ್ನೊಂದು, ಫೈರ್‌ಫಾಕ್ಸ್. 22.04ರಲ್ಲಿ ಆಪ್ಟ್ ಮೂಲಕ ಫೈರ್‌ಫಾಕ್ಸ್ ಹಾಕಿದರೆ ಆ ಪ್ಯಾಕೇಜ್ ಒಳಗಿನಿಂದ ಸ್ನ್ಯಾಪನ್ನು (ಉಬುಂಟುವಿನ ಇನ್ನೊಂದು ಬಗೆಯ ಪ್ಯಾಕೇಜು) ಡೌನ್‌ಲೋಡ್ ಮಾಡುತ್ತದೆ. ನೆಟ್ ನಿಧಾನ ಇದ್ದರೆ ಸಿಕ್ಕಿಹಾಕಿಕೊಂಡ ಹಾಗೆ ಕಾಣುತ್ತದೆ. ಇನ್ನೊಂದು ಟರ್ಮಿನಲ್ಲಿನಲ್ಲಿ ಸ್ನ್ಯಾಪ್ ಚೇಂಜಸ್ ಎಂದು ಕೊಟ್ಟು ನೋಡಿ. ಏನೋ ನಡೆಯುತ್ತಿದೆ ಎಂದಿದ್ದರೆ ಬಿಟ್ಟುಬಿಡಿ.

ಬರೀ ಡೌನ್‌ಲೋಡ್ ಹಂತದಲ್ಲಿರುವ ಆಪ್ಟನ್ನು ಕೊಲ್ಲಲು ಹೆದರಬೇಕಿಲ್ಲ. ಬಂದಷ್ಟು ಭಾಗ ಪಾರ್ಷಿಯಲ್ ಫೋಲ್ಡರಿನಲ್ಲಿ ಉಳಿದಿರುತ್ತದೆ. ಅನ್‌ಪ್ಯಾಕ್ ಶುರುವಾಗಿದ್ದರೆ ಮಾತ್ರ ಕೈ ಹಿಂದಕ್ಕೆ ಎಳೆದುಕೊಳ್ಳಿ.

ಕರೆಂಟ್ ಹೋದ ಮೇಲಿನದ್ದು

ಸ್ಥಿತಿಯಲ್ಲಿ ದೊಡ್ಡ ಡಿ ಇದ್ದು, ಅದು ನಿಮಿಷಗಟ್ಟಲೆ ಬದಲಾಗದಿದ್ದರೆ ಪ್ರೊಸೆಸ್ ಡಿಸ್ಕ್‌ನ ಉತ್ತರಕ್ಕೆ ಕಾಯುತ್ತಿದೆ. ಕಿಲ್ -9 ಕೊಟ್ಟರೂ ಅದು ಕದಲುವುದಿಲ್ಲ. ಸುಡೋ ಡಿಎಂಇಎಸ್‌ಜಿ ಕೊಟ್ಟು ಕೊನೆಯ ಸಾಲುಗಳನ್ನು ನೋಡಿ. ಐ/ಒ ಎರರ್ ಎಂದು ಕಂಡರೆ ಪ್ಯಾಕೇಜಿನ ವಿಷಯ ಮರೆತು ಮೊದಲು ನಿಮ್ಮ ಕಡತಗಳ ಬ್ಯಾಕಪ್ ತೆಗೆಯಿರಿ. ನಮ್ಮ ಹದಿನಾಲ್ಕನೇ ನಂಬರ್ ಮಷೀನ್ ಹೀಗೇ ಹೋಯಿತು. ಎರಡು ವಾರ ಲಾಕ್ ಲಾಕ್ ಎಂದು ಬೈದುಕೊಂಡಿದ್ದೆವು, ಡಿಸ್ಕ್ ಸಾಯುತ್ತಿತ್ತು.

ಯುಪಿಎಸ್ ಬ್ಯಾಟರಿ ಮುದಿಯಾಗಿದ್ದರೆ ಇದೂ ಆಗುತ್ತದೆ: ಅಪ್‌ಡೇಟ್ ನಡುವೆ ಕರೆಂಟ್ ಹೋಗಿ, ಮತ್ತೆ ಆನ್ ಮಾಡಿದಾಗ ಫೈಲ್‌ಸಿಸ್ಟಂನಲ್ಲಿ ತಪ್ಪು ಸಿಕ್ಕಿ ಅದು ಓದಲಷ್ಟೇ ಎಂಬ ಸ್ಥಿತಿಗೆ ಹೋಗುತ್ತದೆ. ಮೇಲೆ ಹೇಳಿದ ನಂಬರ್ 30 ಇದೇ. ಬೂಟ್ ಮೆನುವಿನಿಂದ ರಿಕವರಿಗೆ ಹೋಗಿ ಫೈಲ್‌ಸಿಸ್ಟಂ ತಪ್ಪು ಸರಿಪಡಿಸುವ ಎಫ್‌ಎಸ್‌ಸಿಕೆ ಓಡಿಸಿ. ಅದಾಗದೆ ಬೇರೇನೂ ಮಾಡಬೇಡಿ.

ಅದು ಸರಿಯಿದ್ದರೆ ಡಿಪಿಕೆಜಿ --ಕಾನ್ಫಿಗರ್ -ಎ, ಆಮೇಲೆ ಸುಡೋ ಆಪ್ಟ್ --ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್. ಬಹಳ ಸಲ ಇಷ್ಟರಲ್ಲೇ ಮುಗಿಯುತ್ತದೆ. ಏನೇನು ಅರ್ಧ ಆಗಿದೆ ಎಂದು ಮೊದಲೇ ತಿಳಿಯಬೇಕಿದ್ದರೆ ಡಿಪಿಕೆಜಿ --ಆಡಿಟ್. ಜಾಗ ಇಲ್ಲ ಎಂದರೆ ಸುಡೋ ಆಪ್ಟ್ ಕ್ಲೀನ್ ಮಾಡಿ ಮತ್ತೆ ಪ್ರಯತ್ನಿಸಿ. /ಬೂಟ್ ಬೇರೆ ಪಾರ್ಟಿಷನ್ ಆಗಿದ್ದರೆ ಡಿಎಫ್ -ಎಚ್ ಹಾಕಿ ಅದನ್ನೂ ನೋಡಿ, ಹಳೇ ಕರ್ನೆಲ್ಲುಗಳು ತುಂಬಿಕೊಂಡಿರುತ್ತವೆ.

ಸ್ಟೇಟಸ್ ಫೈಲಿನ ಇಂಥ ಸಾಲಿನಲ್ಲಿ ಓದಲು ಆಗುತ್ತಿಲ್ಲ ಎಂದು ಬಂದರೆ ಲೆಕ್ಕದ ಪುಸ್ತಕವೇ ಹರಿದಿದೆ. ಹೆದರಬೇಡಿ, ನಕಲು ಇದೆ. ಅದೇ ಫೋಲ್ಡರಿನಲ್ಲಿ ಸ್ಟೇಟಸ್-ಓಲ್ಡ್ ಎಂಬ ಹಿಂದಿನ ಪ್ರತಿ ಇರುತ್ತದೆ. ಅದೂ ಹಾಳಾಗಿದ್ದರೆ /ವಾರ್/ಬ್ಯಾಕಪ್ಸ್ ಒಳಗೆ ಡಿಪಿಕೆಜಿ.ಸ್ಟೇಟಸ್.0 ನೋಡಿ. ಕೆಟ್ಟ ಫೈಲನ್ನು ಅಳಿಸದೆ ಬೇರೆ ಹೆಸರಿಗೆ ಬದಲಿಸಿ, ನಕಲನ್ನು ಸ್ಟೇಟಸ್ ಎಂಬ ಹೆಸರಿಗೆ ಕಾಪಿ ಮಾಡಿ. ನಕಲು ಆದ ಮೇಲೆ ಹಾಕಿದ ಪ್ಯಾಕೇಜುಗಳು ಅದರಲ್ಲಿ ಇರುವುದಿಲ್ಲ. ಅವು ಯಾವುವು ಎಂದು /ವಾರ್/ಲಾಗ್/ಡಿಪಿಕೆಜಿ.ಲಾಗ್ ಹೇಳುತ್ತದೆ. ಅವನ್ನು ಮತ್ತೊಮ್ಮೆ ಹಾಕಿ. ತಪ್ಪು ಅಪ್‌ಡೇಟ್ಸ್ ಫೋಲ್ಡರಿನ ನಂಬರ್ ಹೆಸರಿನ ಫೈಲಿನಲ್ಲಿ ಎಂದು ಬಂದರೆ ಆ ಒಂದು ಫೈಲನ್ನಷ್ಟೇ ಬೇರೆ ಕಡೆ ಸರಿಸಿ. ಆಪ್ಟ್ ಲಿಸ್ಟ್ಸ್ ಕೆಟ್ಟಿದ್ದರೆ ಮಾತ್ರ ಧೈರ್ಯವಾಗಿ ಅಳಿಸಬಹುದು. ಅದು ನೆಟ್ಟಿನಿಂದ ಮತ್ತೆ ಬರುವಂಥದ್ದು.

ಬೇರೆ ಲಿನಕ್ಸುಗಳಲ್ಲಿ

ಆರ್ಚ್ ಮತ್ತು ಮಂಜಾರೋದಲ್ಲಿ ಟವೆಲ್ ಕಥೆ ಅಂದೆನಲ್ಲ. ಅಲ್ಲಿ /ವಾರ್/ಲಿಬ್/ಪ್ಯಾಕ್‌ಮ್ಯಾನ್/ಡಿಬಿ.ಎಲ್‌ಸಿಕೆ ಇದ್ದರೆ ಲಾಕ್ ಇದೆ. ಕರೆಂಟ್ ಹೋದ ಮೇಲೂ ಉಳಿಯುತ್ತದೆ. ಪ್ಯಾಕ್‌ಮ್ಯಾನ್ ಆಗಲಿ, ಅದನ್ನು ಕರೆಯುವ ಬೇರೆ ಸಾಫ್ಟ್‌ವೇರ್ ಆಗಲಿ ಓಡುತ್ತಿಲ್ಲ ಎಂದು ಖಚಿತ ಮಾಡಿಕೊಂಡು ಆ ಫೈಲ್ ಅಳಿಸಿ. ಇಲ್ಲಿ ಅದೇ ಸರಿಯಾದ ದಾರಿ. ವಿಡಿಯೋಗಳ ಸಲಹೆ ಇಲ್ಲಿಂದ ಉಬುಂಟುವಿಗೆ ವಲಸೆ ಬಂದಿರಬಹುದು ಎಂಬುದು ನನ್ನ ಗುಮಾನಿ.

ಸೆಂಟ್‌ಒಎಸ್ 7ರಂಥ ಹಳೇ ಸರ್ವರುಗಳಲ್ಲಿ ಆರ್‌ಪಿಎಂ (ಅಲ್ಲಿನ ಡಿಪಿಕೆಜಿ) ಬರ್ಕ್ಲಿ ಡಿಬಿ ಎಂಬ ಡೇಟಾಬೇಸ್ ಬಳಸುತ್ತದೆ. ಅದು ಸಿಕ್ಕಿಹಾಕಿಕೊಂಡಾಗ ಯಮ್ (ಅಲ್ಲಿನ ಆಪ್ಟ್) ಕೊಟ್ಟರೆ ಉತ್ತರವೇ ಬರದೆ ನಿಂತುಬಿಡುತ್ತದೆ. ಯಮ್, ಆರ್‌ಪಿಎಂ ಎರಡೂ ಓಡುತ್ತಿಲ್ಲ ಎಂದು ನೋಡಿ, /ವಾರ್/ಲಿಬ್/ಆರ್‌ಪಿಎಂ ಫೋಲ್ಡರನ್ನು ಪೂರ್ತಿ ಬ್ಯಾಕಪ್ ಮಾಡಿ. ಆಮೇಲೆ ಎರಡು ಅಂಡರ್‌ಸ್ಕೋರ್ ಮತ್ತು ಡಿಬಿ ಎಂದು ಶುರುವಾಗುವ ಫೈಲುಗಳನ್ನು ಮಾತ್ರ ಅಳಿಸಿ, ಆರ್‌ಪಿಎಂ --ರೀಬಿಲ್ಡ್‌ಡಿಬಿ ಕೊಡಿ. ಪ್ಯಾಕೇಜಸ್ ಎಂಬ ಫೈಲನ್ನು ಅಪ್ಪಿತಪ್ಪಿಯೂ ಮುಟ್ಟಬೇಡಿ, ನಿಜವಾದ ಡೇಟಾ ಅದರಲ್ಲಿದೆ. ಫೆಡೋರಾ 2020ರಲ್ಲಿ, 33ನೇ ಆವೃತ್ತಿಯಿಂದ ಎಸ್‌ಕ್ಯೂಲೈಟ್‌ಗೆ ಹೋಯಿತು. ಅಲ್ಲಿಂದ ಈಚೆಗೆ ಈ ತಲೆನೋವು ಇಲ್ಲ.

ಮತ್ತೆ ಬರದ ಹಾಗೆ

ನಾನು ಮನೆಯಿಂದ ಎಲ್ಲ ಮಷೀನಿಗೂ ಒಂದೇ ಸ್ಕ್ರಿಪ್ಟಿನಲ್ಲಿ ಪ್ಯಾಕೇಜ್ ಹಾಕುತ್ತೇನೆ. ಅದರಲ್ಲಿ ಆಪ್ಟ್-ಗೆಟ್ ಜೊತೆ -ಒ ಡಿಪಿಕೆಜಿ::ಲಾಕ್::ಟೈಮ್‌ಔಟ್=600 ಎಂದು ಸೇರಿಸಿದ್ದೇನೆ. ಇಲ್ಲಿ ಡಿ, ಪಿ ಎರಡೂ ದೊಡ್ಡ ಅಕ್ಷರ, ಲಾಕ್ ಮತ್ತು ಟೈಮ್‌ಔಟ್‌ಗಳ ಮೊದಲ ಅಕ್ಷರವೂ ದೊಡ್ಡದು. ಲಾಕ್ ಸಿಗದಿದ್ದರೆ ಹತ್ತು ನಿಮಿಷ ಕಾಯುತ್ತದೆ, ತಕ್ಷಣ ಸೋತು ಓಡಿಹೋಗುವುದಿಲ್ಲ. ಮೈಕ್ರೋಸಾಫ್ಟ್ ಫಾಂಟಿನ ಒಪ್ಪಿಗೆಯನ್ನು ಡೆಬ್‌ಕಾನ್ಫ್-ಸೆಟ್-ಸೆಲೆಕ್ಷನ್ಸ್ ಮೂಲಕ ಮೊದಲೇ ಕೊಟ್ಟಿಟ್ಟಿದ್ದೇನೆ.

ಬೆಳಗಿನ ಹತ್ತರ ಜಾತ್ರೆ ತಪ್ಪಿಸಲು ಟೈಮರ್ ಬದಲಿಸಿದೆ. ಸುಡೋ ಸಿಸ್ಟಮ್‌ಸಿಟಿಎಲ್ ಎಡಿಟ್ ಆಪ್ಟ್-ಡೈಲಿ-ಅಪ್‌ಗ್ರೇಡ್.ಟೈಮರ್ ಕೊಟ್ಟು, ಟೈಮರ್ ವಿಭಾಗದಲ್ಲಿ ಆನ್‌ಕ್ಯಾಲೆಂಡರ್ ಎಂಬುದನ್ನು ಮೊದಲು ಖಾಲಿ ಬಿಟ್ಟು, ಕೆಳಗಿನ ಸಾಲಿನಲ್ಲಿ 13:15 ಎಂದು ಬರೆದೆ (ಟೈಮರ್ ವಿಭಾಗದ ಟಿ, ಆನ್‌ಕ್ಯಾಲೆಂಡರ್‌ನ ಒ ಮತ್ತು ಸಿ ದೊಡ್ಡ ಅಕ್ಷರ). ಆ ಖಾಲಿ ಸಾಲು ಇಲ್ಲದಿದ್ದರೆ ಹಳೇ ಆರು ಗಂಟೆಯೂ ಉಳಿದು, ಎರಡು ಸಲ ಓಡುತ್ತದೆ. ಪಟ್ಟಿ ಮತ್ತು ಪ್ಯಾಕೇಜ್ ತರುವ ಆಪ್ಟ್-ಡೈಲಿ.ಟೈಮರ್ ಬೇರೆ ಇದೆ. ಅದಕ್ಕೆ 13:00, ಜೊತೆಗೆ ಎರಡಕ್ಕೂ ಮೇಲಿಂದ ಸೇರುವ ವಿಳಂಬವನ್ನು ಹತ್ತು ನಿಮಿಷಕ್ಕೆ ಇಳಿಸಿದೆ. ಒಂದರಿಂದ ಎರಡು ಗಂಟೆವರೆಗೆ ಎಲ್ಲರೂ ಊಟಕ್ಕೆ ಹೋಗುತ್ತಾರೆ, ಲ್ಯಾಬ್ ಖಾಲಿ.

ಮೂರು ದಿನ ಆದರೂ ಊಟದ ಹೊತ್ತಿನಲ್ಲಿ ಒಂದು ಮಷೀನೂ ಅಪ್‌ಡೇಟ್ ಆಗಿರಲಿಲ್ಲ. ಕೊನೆಗೆ ಫೋನ್ ಮಾಡಿ ಕೇಳಿದೆ. "ಊಟಕ್ಕೆ ಹೋಗುವಾಗ ಮೇನ್ ಆಫ್ ಮಾಡಿ ಹೋಗ್ತೀವಲ್ಲಾ ಅಣ್ಣಾ, ಕರೆಂಟ್ ಬಿಲ್ ಜಾಸ್ತಿ ಬರುತ್ತೆ ಅಂತ" ಎಂದಳು. ಈಗ ಸ್ವಿಚ್ ಬೋರ್ಡಿನ ಮೇಲೆ ಒಂದು ಚೀಟಿ ಅಂಟಿಸಿದೆ: ಮಾನಿಟರ್ ಮಾತ್ರ ಆಫ್ ಮಾಡಿ, ಮೇನ್ ಸ್ವಿಚ್ ಎರಡು ಗಂಟೆಯ ತನಕ ಮುಟ್ಟಬೇಡಿ.